ಪೆನ್‌ಡ್ರೈವಿನಿಂದ ಲಿನಕ್ಸ್: ಎಡವುವುದೆಲ್ಲಿ, ಏಕೆ?

ಕಡೂರಿನಿಂದ ಉತ್ತರಕ್ಕೆ ಹೊರಟ ರೈಲುಗಾಡಿ ಸ್ವಲ್ಪ ಹೊತ್ತಿನಲ್ಲಿಯೇ ಬೀರೂರು ಜಂಕ್ಷನ್ನನ್ನು ಸೇರುತ್ತದೆ. ಅಲ್ಲಿಂದ ಮುಂದೆ ಹಾದಿ ಎರಡಾಗುವುದು. ಒಂದು ಅಜ್ಜಂಪುರದ ಮೇಲೆ ದಾವಣಗೆರೆಯ ಕಡೆಗೆ ಹೋದರೆ, ಮತ್ತೊಂದು ತರೀಕೆರೆ, ಭದ್ರಾವತಿಗಳನ್ನು ಹಾದು ಶಿವಮೊಗ್ಗವನ್ನು ಮುಟ್ಟುತ್ತದೆ. ಹಳಿಗಳನ್ನು ಯಾವ ಕಡೆಗೆ ಕೂಡಿಸಿದ್ದಾರೆಂಬುದು ಪ್ರಯಾಣಿಕನಿಗೆ ಕಾಣುವುದಿಲ್ಲ. ಕಾಣಬೇಕಾದ ಅಗತ್ಯವೂ ಇಲ್ಲ. ಗಾಡಿಯ ಮೇಲಿನ ಹಲಗೆಯನ್ನು ಓದಿ, ಅದನ್ನು ನಂಬಿ, ಅವನು ಹತ್ತಿ ಕುಳಿತುಕೊಳ್ಳುತ್ತಾನೆ. ಆ ಹಲಗೆಯ ಬರಹ ಅವನಿಗೆ ತಿಳಿಯದ ಸಂಕೇತಗಳಲ್ಲಿದ್ದರೆ, ಅಜ್ಜಂಪುರಕ್ಕೆ ಹೊರಟವನು ತರೀಕೆರೆಯಲ್ಲಿ ಇಳಿದಾನು. ಆಗ ತಪ್ಪೆಲ್ಲವೂ ಪ್ರಯಾಣಿಕನದೇ ಎಂದು ಹೇಳುವುದು ನ್ಯಾಯವೇ?

ತನ್ನ ಗಣಕಯಂತ್ರದಲ್ಲಿ ಮೊದಲ ಬಾರಿಗೆ ಲಿನಕ್ಸನ್ನು ಸ್ಥಾಪಿಸಹೊರಟ ವಿದ್ಯಾರ್ಥಿಯ ಸ್ಥಿತಿಯೂ ಇಂತಹುದೇ. ಅವನ ಮುಂದೆಯೂ ಹಾದಿಗಳು ಕವಲೊಡೆಯುತ್ತವೆ. ಹಲಗೆಗಳ ಮೇಲಿನ ಬರಹ ಅನೇಕ ವೇಳೆ ಅವನಿಗೆ ಅರ್ಥವಾಗದು. ರೈಲಿನಲ್ಲಿ ತಪ್ಪಿದವನು ಮರುಗಾಡಿಯಲ್ಲಿ ಹಿಂದಿರುಗಬಹುದು. ಇಲ್ಲಿ ತಪ್ಪಿದವನು ಮನೆಯವರ ಲೆಕ್ಕಪತ್ರಗಳನ್ನೂ ಭಾವಚಿತ್ರಗಳನ್ನೂ ಎಂದೆಂದಿಗೂ ಕಳೆದುಕೊಳ್ಳಬಹುದು. ಆದುದರಿಂದ ಈ ತೊಡಕುಗಳು ಎಲ್ಲಿ ಹುಟ್ಟುತ್ತವೆ, ಏಕೆ ಹುಟ್ಟುತ್ತವೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಈ ವಿಚಾರಕ್ಕೆ ಈಗ ವಿಶೇಷವಾದ ಕಾರಣವೂ ಉಂಟು. ವಿಂಡೋಸ್ ೧೦ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ರಂದು ಮುಗಿಯಿತು. ಅದರ ಮುಂದಿನ ವಿಂಡೋಸ್ ೧೧, ಟಿಪಿಎಂ ೨.೦ ಎಂಬ ಭದ್ರತಾ ಅಂಗವನ್ನೂ ಸಾಕಷ್ಟು ಹೊಸದಾದ ಪ್ರೊಸೆಸರನ್ನೂ ಬೇಡುತ್ತದೆ. ಹೀಗಾಗಿ, ಚೆನ್ನಾಗಿಯೇ ಕೆಲಸ ಮಾಡಬಲ್ಲ ಎಷ್ಟೋ ಹಳೆಯ ಯಂತ್ರಗಳು ಮೂಲೆ ಸೇರುವ ಹಂತಕ್ಕೆ ಬಂದಿವೆ. ಅವುಗಳಿಗೆ ಇನ್ನಷ್ಟು ಕಾಲ ಆಯುಸ್ಸು ಕೊಡುವ ಸುಲಭೋಪಾಯಗಳಲ್ಲಿ ಲಿನಕ್ಸ್ ಒಂದು.

ಲೈವ್ ಎಂದರೇನು?

ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಲಿನಕ್ಸಿನ ತಿರುಳನ್ನು ಬರೆದನು. ರಿಚರ್ಡ್ ಸ್ಟಾಲ್‌ಮನ್ ೧೯೮೩ರಲ್ಲಿ ಘೋಷಿಸಿದ್ದ ಗ್ನೂ ಯೋಜನೆಯ ತಂತ್ರಾಂಶಗಳು ಅದರೊಡನೆ ಕೂಡಿದುವು. ಆ ತಿರುಳಿಗೆ ಬೇಕಾದ ಉಳಿದ ತಂತ್ರಾಂಶಗಳನ್ನು ಜೊತೆಗೂಡಿಸಿ ಡೆಬಿಯನ್, ಉಬುಂಟು, ಮಿಂಟ್ ಮೊದಲಾದ ಸಿದ್ಧ ರೂಪಗಳನ್ನು ಹಂಚುತ್ತಾರೆ. ಮೊದಮೊದಲು ಇವುಗಳನ್ನು ಬಳಸಿನೋಡಬೇಕಾದರೆ ಹಾರ್ಡ್‌ಡಿಸ್ಕಿನಲ್ಲಿ ಸ್ಥಾಪಿಸಲೇಬೇಕಾಗಿತ್ತು. ಜರ್ಮನಿಯ ಕ್ಲಾಸ್ ಕ್ನಾಪರ್ ೨೦೦೦ದಲ್ಲಿ ಹೊರತಂದ ಕ್ನಾಪಿಕ್ಸ್, ಸ್ಥಾಪಿಸದೆಯೇ ಸಿಡಿಯಿಂದ ನೇರವಾಗಿ ನಡೆಯುವ ಲಿನಕ್ಸನ್ನು ಜನಪ್ರಿಯಗೊಳಿಸಿತು. ೨೦೦೬ರ ಜೂನಿನಲ್ಲಿ ಬಂದ ಉಬುಂಟು ೬.೦೬, ಪರೀಕ್ಷಿಸಿ ನೋಡುವುದನ್ನೂ ಸ್ಥಾಪಿಸುವುದನ್ನೂ ಒಂದೇ ಸಿಡಿಯಲ್ಲಿ ಒಂದುಗೂಡಿಸಿತು. ಈಗ ಸಿಡಿಯ ಸ್ಥಾನಕ್ಕೆ ಪೆನ್‌ಡ್ರೈವ್ ಬಂದಿದೆ.

ಇದು ನಡೆಯುವ ಬಗೆಯನ್ನು ಒಂದು ಹೋಲಿಕೆಯಿಂದ ತಿಳಿಯಬಹುದು. ಅಚ್ಚಾದ ಪುಸ್ತಕದ ಪುಟದ ಮೇಲೆ ತೆಳುವಾದ ಗಾಜನ್ನಿಟ್ಟು, ಗಾಜಿನ ಮೇಲೆ ಬರೆಯುತ್ತೇವೆಂದು ಭಾವಿಸಿರಿ. ನೋಡುವವನಿಗೆ ಅಚ್ಚಿನ ಅಕ್ಷರಗಳೂ ನಮ್ಮ ಬರಹವೂ ಒಂದೇ ಪುಟದಲ್ಲಿರುವಂತೆ ತೋರುತ್ತವೆ. ಗಾಜನ್ನು ಒರಸಿದರೆ ನಮ್ಮ ಬರಹ ಹೋಗುತ್ತದೆ. ಪುಟ ಮೊದಲಿನಂತೆಯೇ ಉಳಿಯುತ್ತದೆ. ಲೈವ್ ಲಿನಕ್ಸಿನಲ್ಲಿ ಪೆನ್‌ಡ್ರೈವಿನಲ್ಲಿರುವ, ಅಡಕಗೊಳಿಸಿದ, ತಿದ್ದಲಾಗದ ಕಡತವೇ ಆ ಪುಟ. ಯಂತ್ರದ ರ್‍ಯಾಮ್ ಎಂಬ ತಾತ್ಕಾಲಿಕ ಸ್ಮೃತಿಯೇ ಆ ಗಾಜು. ವಿದ್ಯುತ್ತು ನಿಂತೊಡನೆ ಗಾಜು ಒರಸಿಹೋಗುತ್ತದೆ.

ಇನ್ನು ನಮ್ಮ ಮೂವರು ವಿದ್ಯಾರ್ಥಿಗಳನ್ನು ನೋಡೋಣ. ಕಡೂರು, ತರೀಕೆರೆ, ಅಜ್ಜಂಪುರಗಳ ಈ ಮೂವರೂ ನಾವು ಕಲ್ಪಿಸಿಕೊಂಡವರು. ಆದರೆ ಅವರಿಗೆ ಒದಗಿದ ತೊಡಕುಗಳು ಕಲ್ಪಿತವಲ್ಲ.

ಕಡೂರಿನ ವಿದ್ಯಾರ್ಥಿನಿ

ಕಡೂರಿನ ವಿದ್ಯಾರ್ಥಿನಿ ಅಂತರ್ಜಾಲದಿಂದ ಲಿನಕ್ಸಿನ ಕಡತವನ್ನು ಇಳಿಸಿಕೊಂಡಳು. ಇಂತಹ ಕಡತಗಳು ಸಾಮಾನ್ಯವಾಗಿ ಮೂರರಿಂದ ಆರು ಗಿಗಾಬೈಟುಗಳಷ್ಟು ದೊಡ್ಡವು. ಹಾಡನ್ನು ನಕಲು ಮಾಡುವಂತೆ ಅದನ್ನು ಪೆನ್‌ಡ್ರೈವಿಗೆ ನಕಲು ಮಾಡಿದಳು. ಯಂತ್ರ ಅದರಿಂದ ಹೊರಡಲೇ ಇಲ್ಲ. ಏಕೆಂದರೆ ಆ ಕಡತವು ಒಂದು ಡಿಸ್ಕಿನ ಸಂಪೂರ್ಣ ಪಡಿಯಚ್ಚು; ರೂಫಸ್, ಎಚರ್ ಮುಂತಾದ ಉಪಕರಣಗಳಿಂದ ಅದನ್ನು ಪೆನ್‌ಡ್ರೈವಿನ ಮೇಲೆ ಅಚ್ಚೊತ್ತಬೇಕು. ‘ನಕಲು’ ಎಂಬ ಒಂದೇ ಮಾತು ಎರಡು ಬೇರೆ ಕೆಲಸಗಳನ್ನು ಮರೆಮಾಡಿತು.

ಅದನ್ನು ತಿಳಿದು ಸರಿಪಡಿಸಿದ ಮೇಲೆ ಮತ್ತೊಂದು ಬಾಗಿಲು. ಯಂತ್ರವು ಪೆನ್‌ಡ್ರೈವಿನಿಂದ ಹೊರಡಬೇಕಾದರೆ ಆರಂಭದ ಒಂದೆರಡು ಸೆಕೆಂಡುಗಳಲ್ಲಿ ಒಂದು ನಿರ್ದಿಷ್ಟ ಕೀಲಿಯನ್ನು ಒತ್ತಬೇಕು. ಒಂದು ಯಂತ್ರದಲ್ಲಿ ಅದು ಎಫ್ ೧೨, ಇನ್ನೊಂದರಲ್ಲಿ ಎಫ್ ೯, ಮತ್ತೊಂದರಲ್ಲಿ ಎಸ್ಕೇಪ್. ಹಲವು ಯಂತ್ರಗಳು ಆ ಕೀಲಿಯ ಹೆಸರನ್ನು ತೆರೆಯ ಮೇಲೆ ತೋರಿಸುವುದೂ ಇಲ್ಲ.

ಕೊನೆಗೆ ಲಿನಕ್ಸಿನ ಅಂದವಾದ ತೆರೆ ಮೂಡಿತು. ಆಕೆ ಸಂತೋಷಪಟ್ಟು, ಎರಡು ಗಂಟೆ ಕುಳಿತು ವಿಜ್ಞಾನದ ಪ್ರಾಜೆಕ್ಟ್ ವರದಿಯನ್ನು ಟೈಪು ಮಾಡಿ, ‘ಡಾಕ್ಯುಮೆಂಟ್ಸ್’ ಎಂಬ ಕೋಶದಲ್ಲಿ ಉಳಿಸಿದಳು. ‘ಉಳಿಸಲಾಯಿತು’ ಎಂದು ಯಂತ್ರ ಒಪ್ಪಿಕೊಂಡಿತು. ಮರುದಿನ ನೋಡಿದರೆ ಕೋಶ ಬರಿದು. ಗಾಜು ಒರಸಿಹೋಗಿತ್ತು! ‘ಸ್ಥಾಪಿಸಿ’ ಎಂಬ ಗುರುತು ತೆರೆಯ ಮೂಲೆಯಲ್ಲಿ ಇದ್ದಿತು, ನಿಜ. ಆದರೆ ಎಲ್ಲವೂ ಆಗಲೇ ನಡೆಯುತ್ತಿರುವಾಗ ಇನ್ನೇನನ್ನು ಸ್ಥಾಪಿಸಬೇಕೆಂದು ಆಕೆಗೆ ಹೇಗೆ ಹೊಳೆಯಬೇಕು? ಪರೀಕ್ಷೆಯ ಸ್ಥಿತಿ, ಸ್ಥಾಪನೆಯಾದ ಸ್ಥಿತಿ ಇವೆರಡೂ ಕಣ್ಣಿಗೆ ಒಂದೇ ಬಗೆಯಾಗಿ ಕಂಡುದೇ ಇಲ್ಲಿಯ ದೋಷ.

ತರೀಕೆರೆಯ ವಿದ್ಯಾರ್ಥಿ

ತರೀಕೆರೆಯ ವಿದ್ಯಾರ್ಥಿಯ ಮನೆಯಲ್ಲಿ ಇರುವುದೊಂದೇ ಗಣಕಯಂತ್ರ. ಅದರಲ್ಲಿ ತಂದೆಯವರ ಅಡಿಕೆ ವ್ಯಾಪಾರದ ಲೆಕ್ಕವಿದೆ. ಅಕ್ಕನ ಮದುವೆಯ ಚಿತ್ರಗಳಿವೆ. ವಿಂಡೋಸನ್ನು ಉಳಿಸಿಕೊಂಡು, ಅದರ ಪಕ್ಕದಲ್ಲಿ ಲಿನಕ್ಸನ್ನು ಇಡಬೇಕೆಂಬುದು ಅವನ ಅಪೇಕ್ಷೆ. ಅವನಿಗೆ ಗೊತ್ತಿರುವ ಹೆಸರುಗಳು ‘ಸಿ ಡ್ರೈವ್’, ‘ಡಿ ಡ್ರೈವ್’ ಎಂಬುವು. ತೆರೆಯ ಮೇಲೆ ಕಂಡವುಗಳಾದರೋ ‘ಎಸ್‌ಡಿಎ೧’, ‘ಎಸ್‌ಡಿಎ೨’, ‘ಎಸ್‌ಡಿಬಿ೧’. ಇವುಗಳಲ್ಲಿ ‘ಎಸ್‌ಡಿಎ’ ಎಂಬುದು ಒಂದು ಡಿಸ್ಕು. ಅದರ ಮುಂದಿನ ಅಂಕೆ ಆ ಡಿಸ್ಕಿನ ಒಂದು ಭಾಗ. ‘ಎಸ್‌ಡಿಬಿ’ ಇನ್ನೊಂದು ಡಿಸ್ಕು. ಪ್ರಾಯಶಃ ಅವನು ತಾನೇ ಚುಚ್ಚಿದ ಪೆನ್‌ಡ್ರೈವ್. ಆದರೆ ಇದನ್ನು ಅವನಿಗೆ ಹೇಳಿದವರಾರು?

ಗಾತ್ರವನ್ನು ನೋಡಿ ಗುರುತಿಸೋಣವೆಂದರೆ ಅಲ್ಲಿಯೂ ಗೊಂದಲ. ವಿಂಡೋಸಿನಲ್ಲಿ ಅವನ ಡಿಸ್ಕು ೪೬೫ ಗಿಗಾಬೈಟು ಎಂದಿತ್ತು. ಇಲ್ಲಿ ೫೦೦ ಎಂದಿದೆ. ಇದು ಬೇರೆ ಡಿಸ್ಕೇ? ಅಲ್ಲ. ಡಿಸ್ಕನ್ನು ತಯಾರಿಸಿದವರು ಸಾವಿರದ ಲೆಕ್ಕ ಹಿಡಿಯುತ್ತಾರೆ. ಅವರ ೫೦೦ ಗಿಗಾಬೈಟು ಎಂದರೆ ೫,೦೦,೦೦,೦೦,೦೦,೦೦೦ ಬೈಟು, ಅಂದರೆ ಐವತ್ತು ಸಾವಿರ ಕೋಟಿ. ವಿಂಡೋಸ್ ೧೦೨೪ರ ಲೆಕ್ಕ ಹಿಡಿಯುತ್ತದೆ. ೧೦೨೪ನ್ನು ಮೂರು ಸಲ ಗುಣಿಸಿದರೆ ೧,೦೭,೩೭,೪೧,೮೨೪ ಬರುವುದು. ಮೊದಲ ಸಂಖ್ಯೆಯನ್ನು ಇದರಿಂದ ಭಾಗಿಸಿದರೆ ದೊರೆಯುವುದು ೪೬೫.೬. ಒಂದೇ ವಸ್ತು, ಎರಡು ಅಳತೆಗೋಲು, ಒಂದೇ ಹೆಸರು! ಮಣದ ತೂಕ ಊರಿಂದೂರಿಗೆ ಬೇರೆಯಾಗಿದ್ದ ಕಾಲದಲ್ಲಿ ಸಂತೆಯಲ್ಲಿ ನಡೆಯುತ್ತಿದ್ದ ತಕರಾರನ್ನು ಇದು ನೆನಪಿಗೆ ತರುತ್ತದೆ.

ಬೇಸತ್ತ ಹುಡುಗ ಎಲ್ಲಕ್ಕಿಂತ ಸರಳವಾಗಿ ತೋರಿದ ‘ಡಿಸ್ಕನ್ನು ಅಳಿಸಿ ಸ್ಥಾಪಿಸಿ’ ಎಂಬುದನ್ನು ಆರಿಸಿದನು. ‘ಡಿಸ್ಕು’ ಎಂದರೆ ಖಾಲಿಯಿರುವ ಭಾಗವೆಂದು ಅವನು ತಿಳಿದಿದ್ದನು. ‘ವಿಂಡೋಸಿನ ಪಕ್ಕದಲ್ಲಿ ಸ್ಥಾಪಿಸಿ’ ಎಂಬ ಆಯ್ಕೆ ಅವನಿಗೆ ಕಾಣಿಸಿರಲೇ ಇಲ್ಲ. ಸ್ಥಾಪಕ ತಂತ್ರಾಂಶಕ್ಕೆ ವಿಂಡೋಸಿನ ಗುರುತು ಸಿಕ್ಕದಿದ್ದರೆ ಆ ಆಯ್ಕೆ ಮಾಯವಾಗುವುದುಂಟು. ಏಕೆ ಮಾಯವಾಯಿತೆಂದು ಅದು ತಿಳಿಸುವುದು ಅಪರೂಪ. ‘ಖಂಡಿತವೇ?’ ಎಂದು ಯಂತ್ರ ಕೇಳಿತು. ಅದಕ್ಕೆ ಮೊದಲೂ ಅನೇಕ ಸಲ ಹೀಗೆಯೇ ಕೇಳಿತ್ತು. ಪ್ರತಿ ಸಲವೂ ‘ಹೌದು’ ಎಂದಾಗ ಏನೂ ಕೆಡುಕಾಗಿರಲಿಲ್ಲ. ಈ ಸಲವೂ ಬೆರಳು ತಾನಾಗಿಯೇ ‘ಹೌದು’ ಎಂದಿತು. ತಂದೆಯವರ ಲೆಕ್ಕ ಅಲ್ಲಿಗೆ ಮುಗಿಯಿತು. ಅಳಿಸಿದುದನ್ನು ತಜ್ಞರು ಕೆಲವೊಮ್ಮೆ ಹುಡುಕಿ ತೆಗೆಯಬಲ್ಲರು. ಆದರೆ ಅದರ ಮೇಲೆ ಹೊಸ ಬರಹ ಬಿದ್ದ ಮೇಲೆ ಅವರೂ ಕೈಚೆಲ್ಲುತ್ತಾರೆ.

ಅಜ್ಜಂಪುರದ ವಿದ್ಯಾರ್ಥಿ

ಅಜ್ಜಂಪುರದವನು ಎಚ್ಚರಿಕೆಯವನು. ಯಂತ್ರದಲ್ಲಿ ಕಾಪಾಡಬೇಕಾದುದು ಏನೂ ಇರಲಿಲ್ಲ. ಸ್ಥಾಪಕದ ಮೊದಲ ಪಟ್ಟಿಯಲ್ಲಿ ‘ಕನ್ನಡ’ ಎಂಬ ಹೆಸರನ್ನು ಕಂಡು ಹಿಗ್ಗಿ ಅದನ್ನೇ ಆರಿಸಿದನು. ಡೆಬಿಯನ್ನಿನ ಚಿತ್ರರೂಪದ ಸ್ಥಾಪಕದಲ್ಲಿ ಕನ್ನಡ ದೊರೆಯುತ್ತದೆಂಬುದು ಅಭಿಮಾನದ ಸಂಗತಿಯೇ ಸರಿ. ಬರಿಯ ಅಕ್ಷರರೂಪದ ಸ್ಥಾಪಕದಲ್ಲಿ ಒತ್ತಕ್ಷರ, ಗುಣಿತಗಳುಳ್ಳ ನಮ್ಮ ಲಿಪಿಯನ್ನು ಬಿಡಿಸಿ ತೋರಿಸಲು ಸಾಧ್ಯವಾಗದು.

ಮುಂದೆ ಹೋದಂತೆ ಕನ್ನಡದ ನಡುವೆ ಇಂಗ್ಲಿಷ್ ವಾಕ್ಯಗಳು ತಲೆಯೆತ್ತಿದುವು. ಅನುವಾದವಾಗದ ಭಾಗಗಳು ಮೂಲದಲ್ಲಿಯೇ ಉಳಿದಿರುತ್ತವೆ. ಕೀಲಿಮಣೆಯ ವಿನ್ಯಾಸವನ್ನೂ ಅವನು ಕನ್ನಡವೆಂದೇ ಆರಿಸಿದನು. ಬಳಕೆದಾರನ ಹೆಸರನ್ನು ಕನ್ನಡದಲ್ಲಿ ಬರೆದರೆ ಯಂತ್ರ ಒಪ್ಪಲಿಲ್ಲ. ಆ ಹೆಸರು ಇಂಗ್ಲಿಷಿನ ಚಿಕ್ಕ ಅಕ್ಷರಗಳಲ್ಲಿಯೇ ಇರಬೇಕು. ಹೇಗೋ ವಿನ್ಯಾಸವನ್ನು ಬದಲಿಸಿ ಹೆಸರನ್ನೂ ಪಾಸ್‌ವರ್ಡನ್ನೂ ಕೊಟ್ಟನು. ಸ್ಥಾಪನೆ ಮುಗಿದು, ಯಂತ್ರ ಮತ್ತೆ ಹೊರಟು, ಪಾಸ್‌ವರ್ಡ್ ಕೇಳಿತು. ಕೊಟ್ಟನು, ತಪ್ಪೆಂದಿತು. ಹತ್ತು ಸಲ ಕೊಟ್ಟರೂ ತಪ್ಪೇ. ಕಾರಣವೇನು? ಈ ತೆರೆಯಲ್ಲಿ ಕೀಲಿಮಣೆ ಮತ್ತೆ ಕನ್ನಡಕ್ಕೆ ತಿರುಗಿತ್ತು. ಅವನು ಒತ್ತಿದ ಇಂಗ್ಲಿಷ್ ಕೀಲಿಗಳು ಕನ್ನಡ ಅಕ್ಷರಗಳಾಗಿ ಬೀಳುತ್ತಿದ್ದುವು. ಪಾಸ್‌ವರ್ಡಿನ ಜಾಗದಲ್ಲಿ ಬರಿಯ ಚುಕ್ಕೆಗಳು ಕಾಣುವುದರಿಂದ ಆ ತಪ್ಪನ್ನು ಕಣ್ಣಿನಿಂದ ಕಂಡುಹಿಡಿಯುವ ದಾರಿಯೇ ಇರಲಿಲ್ಲ. ತೆರೆಯ ಅಂಚಿನಲ್ಲಿರುವ ಭಾಷೆಯ ಗುರುತನ್ನು ಒತ್ತಿ ವಿನ್ಯಾಸವನ್ನು ಬದಲಿಸಿದ್ದರೆ ಸಾಕಾಗಿತ್ತು.

ಜಂಕ್ಷನ್ನಿನಲ್ಲಿ

ಸ್ಥಾಪನೆ ಸರಿಯಾಗಿ ಮುಗಿದ ಯಂತ್ರದಲ್ಲಿಯೂ ಬೀರೂರಿನಂತಹ ಒಂದು ಕವಲು ಇರುತ್ತದೆ. ವಿಂಡೋಸ್, ಲಿನಕ್ಸ್ ಎರಡೂ ಇದ್ದಲ್ಲಿ, ಯಾವುದನ್ನು ಹೊರಡಿಸಬೇಕೆಂದು ಆರಂಭದಲ್ಲಿ ಕೇಳುವ ಚಿಕ್ಕ ತಂತ್ರಾಂಶಕ್ಕೆ ಗ್ರಬ್ ಎಂದು ಹೆಸರು. ಅದನ್ನು ತಪ್ಪಿ ಪೆನ್‌ಡ್ರೈವಿನ ಮೇಲೆಯೇ ಇರಿಸಿದರೆ, ಪೆನ್‌ಡ್ರೈವ್ ಚುಚ್ಚಿರುವಷ್ಟು ಕಾಲ ಎಲ್ಲವೂ ಸರಿ. ಅದನ್ನು ತೆಗೆದ ದಿನ ಲಿನಕ್ಸು ಹೊರಡದು.

ಇನ್ನೊಂದು ವಿಚಿತ್ರವನ್ನು ನೋಡಿರಿ. ಲಿನಕ್ಸಿನಲ್ಲಿ ಬೆಳಗ್ಗೆ ೧೦ ಗಂಟೆ. ಯಂತ್ರವನ್ನು ನಿಲ್ಲಿಸಿ ವಿಂಡೋಸಿಗೆ ಹೋದರೆ ೪-೩೦! ಯಂತ್ರದೊಳಗಿನ ಗಡಿಯಾರದಲ್ಲಿ ಲಿನಕ್ಸ್ ಸಾಮಾನ್ಯವಾಗಿ ವಿಶ್ವಕಾಲವನ್ನು ಇಡುತ್ತದೆ. ವಿಂಡೋಸ್ ಅದೇ ಅಂಕೆಯನ್ನು ಸ್ಥಳೀಯ ಕಾಲವೆಂದು ಓದುತ್ತದೆ. ಭಾರತದ ಕಾಲ ವಿಶ್ವಕಾಲಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ ಅಷ್ಟೇ ಅಂತರ ಬೀಳುತ್ತದೆ. ಯಂತ್ರ ಕೆಟ್ಟಿಲ್ಲ, ಇಬ್ಬರು ಒಂದೇ ಗಡಿಯಾರವನ್ನು ಎರಡು ನಿಯಮದಿಂದ ಓದಿದ್ದಾರೆ, ಅಷ್ಟೆ.

ಹಿಂದಿರುಗಬಹುದಾದ ಹೆಜ್ಜೆ, ಹಿಂದಿರುಗಲಾಗದ ಹೆಜ್ಜೆ

ಈ ಉದಾಹರಣೆಗಳಲ್ಲಿ ಸಾಮಾನ್ಯವಾದ ಅಂಶ ಯಾವುದು? ಯಂತ್ರದ ನಿಜಸ್ಥಿತಿ ಒಂದು. ಬಳಸುವವನು ಮನಸ್ಸಿನಲ್ಲಿ ಕಟ್ಟಿಕೊಂಡ ಚಿತ್ರ ಇನ್ನೊಂದು. ಅಮೆರಿಕದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ನಾರ್ಮನ್ ೧೯೮೮ರಲ್ಲಿ ದಿನಬಳಕೆಯ ವಸ್ತುಗಳನ್ನು ಕುರಿತು ಬರೆದ ಗ್ರಂಥದಲ್ಲಿ ಈ ಅಂತರವನ್ನು ಕಂದರಕ್ಕೆ ಹೋಲಿಸಿದನು. ಸೇತುವೆ ಕಟ್ಟುವ ಹೊಣೆ ಮುಖ್ಯವಾಗಿ ವಸ್ತುವನ್ನು ರೂಪಿಸಿದವನದೆಂಬುದು ಅವನ ವಾದ.

ಮೂರು ತೊಡಕುಗಳೂ ಒಂದೇ ತೂಕದವಲ್ಲ. ನೀರನ್ನು ಮಂಜುಗಡ್ಡೆ ಮಾಡಿ ಮತ್ತೆ ಕರಗಿಸಬಹುದು. ಸುಟ್ಟ ಕಾಗದವನ್ನು ಬೂದಿಯಿಂದ ಮರಳಿ ಪಡೆಯಲಾಗದು. ಅಜ್ಜಂಪುರದವನ ತೊಡಕು ಮಂಜುಗಡ್ಡೆಯ ಬಗೆಯದು; ಒಂದು ಗುರುತನ್ನು ಒತ್ತಿದರೆ ಪರಿಹಾರ. ಕಡೂರಿನವಳು ಕಳೆದುಕೊಂಡುದು ಎರಡು ಗಂಟೆಯ ದುಡಿಮೆ. ತರೀಕೆರೆಯವನದು ಮಾತ್ರ ಬೂದಿ. ಹೀಗಿದ್ದರೂ ತೆರೆಯ ಮೇಲೆ ಎಲ್ಲ ಹೆಜ್ಜೆಗಳಿಗೂ ಒಂದೇ ಚೌಕಟ್ಟು, ಒಂದೇ ‘ಮುಂದೆ’ ಎಂಬ ಗುಂಡಿ. ಭಾಷೆಯನ್ನು ಆರಿಸುವುದಕ್ಕೂ ಡಿಸ್ಕನ್ನು ಅಳಿಸುವುದಕ್ಕೂ ಯಂತ್ರ ಭೇದವೆಣಿಸಲಿಲ್ಲ. ಸ್ಥಾಪನೆಯ ತೊಡಕುಗಳಲ್ಲಿ ಅತ್ಯಂತ ಗುರುತರವಾದುದು ಇದೇ ಎಂದು ನಮ್ಮ ಅಭಿಪ್ರಾಯ.

ಇದನ್ನು ಸುಧಾರಿಸಲು ಸಾಧ್ಯವೆಂಬುದಕ್ಕೆ ನಿದರ್ಶನವೂ ಇದೆ. ಉಬುಂಟುವಿನ ಹಳೆಯ ಸ್ಥಾಪಕದಲ್ಲಿ ಡಿಸ್ಕಿನ ಪ್ರಶ್ನೆ ಮುಗಿದೊಡನೆಯೇ ಬದಲಾವಣೆ ಆರಂಭವಾಗುತ್ತಿತ್ತು. ಊರು, ಹೆಸರುಗಳ ಪ್ರಶ್ನೆ ಆಮೇಲೆ ಬರುತ್ತಿತ್ತು. ಇನ್ನೂ ಪ್ರಶ್ನೆಗಳಿರುವುದರಿಂದ ಏನೂ ಆಗಿಲ್ಲವೆಂದು ಬಳಕೆದಾರ ಎಣಿಸುವುದು ಸಹಜ. ೨೦೨೩ರಲ್ಲಿ ಬಂದ ಅದರ ಹೊಸ ಸ್ಥಾಪಕವು ಎಲ್ಲ ಪ್ರಶ್ನೆಗಳನ್ನೂ ಮೊದಲು ಮುಗಿಸಿ, ಮಾಡಲಿರುವ ಕೆಲಸಗಳ ಸಾರಾಂಶವನ್ನು ಒಂದು ಪುಟದಲ್ಲಿ ತೋರಿಸಿ, ತರುವಾಯವೇ ಡಿಸ್ಕನ್ನು ಮುಟ್ಟುತ್ತದೆ. ಹಲವು ಲಿನಕ್ಸ್‌ಗಳು ಬಳಸುವ ಕ್ಯಾಲಮರೇಸ್ ಎಂಬ ಸ್ಥಾಪಕದ ಕ್ರಮವೂ ಇದೇ.

ಪ್ರಶ್ನೆಗಳನ್ನೇ ಕಡಮೆ ಮಾಡುವುದು ಇನ್ನೊಂದು ದಾರಿ. ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳ ಶಾಲೆಗಳಿಗೇ ಈ ದಾರಿ ಹಿಡಿದ ಒಂದು ಪ್ರದೇಶವಿದೆ; ಅದು ಕೇರಳಕ್ಕೆ ಸೇರಿದ ಕಾಸರಗೋಡು. ಕೇರಳದ ಐಟಿ ಅಟ್ ಸ್ಕೂಲ್ ಯೋಜನೆ, ೨೦೧೭ರಿಂದ ಕೈಟ್ ಎಂಬ ಸಂಸ್ಥೆಯಾಗಿ, ಉಬುಂಟುವಿನ ಆಧಾರದ ಮೇಲೆ ಶಾಲೆಗಳಿಗೆಂದೇ ಲಿನಕ್ಸನ್ನು ಸಿದ್ಧಪಡಿಸುತ್ತ ಬಂದಿದೆ. ಪಾಠಕ್ಕೆ ಬೇಕಾದ ತಂತ್ರಾಂಶಗಳನ್ನು ಮೊದಲೇ ಸೇರಿಸಿಡುವುದರಿಂದ ಪ್ರತಿಯೊಬ್ಬ ಅಧ್ಯಾಪಕನೂ ಆ ಆಯ್ಕೆಗಳನ್ನು ಮತ್ತೆ ಮತ್ತೆ ಮಾಡಬೇಕಾಗಿಲ್ಲ.

ಒಂದು ಪ್ರಯೋಗ

ತೊಡಕುಗಳನ್ನು ಕಂಡುಹಿಡಿಯುವುದಕ್ಕೆ ದೊಡ್ಡ ಪ್ರಯೋಗಶಾಲೆ ಬೇಡ. ಖಾಲಿಯಾದ ಹಳೆಯ ಯಂತ್ರವೊಂದನ್ನು ತೆಗೆದುಕೊಳ್ಳಿರಿ. ಹೊಸಬನೊಬ್ಬನನ್ನು ಕೂರಿಸಿ, ಮನಸ್ಸಿಗೆ ಬಂದುದನ್ನು ಬಾಯಿಬಿಟ್ಟು ಹೇಳುತ್ತ ಲಿನಕ್ಸನ್ನು ಸ್ಥಾಪಿಸೆಂದು ಕೇಳಿರಿ. ನೀವು ಪಕ್ಕದಲ್ಲಿ ಕುಳಿತು, ಒಂದು ಮಾತನ್ನೂ ಆಡದೆ, ಅವನು ಎಲ್ಲಿ ನಿಂತ, ಏನೆಂದು ಊಹಿಸಿದ ಎಂಬುದನ್ನು ಬರೆದುಕೊಳ್ಳಿರಿ. ಸುಮ್ಮನಿರುವುದೇ ಈ ಪ್ರಯೋಗದ ಕಷ್ಟವಾದ ಭಾಗ!

ಇಂತಹ ಎಷ್ಟು ಜನ ಬೇಕು? ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ ೧೯೯೩ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟರು. ಅವರು ಪರಿಶೀಲಿಸಿದ ಯೋಜನೆಗಳಲ್ಲಿ ಒಬ್ಬ ಬಳಕೆದಾರನಿಂದ ಸರಾಸರಿ ನೂರಕ್ಕೆ ೩೧ರಷ್ಟು ತೊಡಕುಗಳು ಹೊರಬಿದ್ದುವು, ೬೯ರಷ್ಟು ಉಳಿದುವು. ಎರಡನೆಯವನ ತರುವಾಯ ಉಳಿಯುವುದು ೦.೬೯ × ೦.೬೯, ಅಂದರೆ ಸುಮಾರು ೪೮. ಹೀಗೆಯೇ ಐದು ಸಲ ಗುಣಿಸಿದರೆ ಉಳಿಯುವುದು ಸುಮಾರು ೧೬. ಎಂದರೆ ಐವರಿಂದ ೮೪ರಷ್ಟು ತೊಡಕುಗಳು ಬೆಳಕಿಗೆ ಬರುತ್ತವೆ. ೩೧ ಎಂಬ ಸಂಖ್ಯೆ ಎಲ್ಲ ಕೆಲಸಗಳಿಗೂ ಒಂದೇ ಅಲ್ಲ. ಮರೆಯಾಗಿರುವ ತೊಡಕುಗಳಿಗೆ ಹೆಚ್ಚು ಜನ ಬೇಕಾಗುತ್ತಾರೆ. ಆದರೂ ನಿಮ್ಮ ತರಗತಿಯ ಐವರು ಗೆಳೆಯರಿಂದಲೇ ಬಹಳ ತಿಳಿಯಬಹುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಕಂಡ ತೊಡಕನ್ನು ಲಿನಕ್ಸ್ ರಚಿಸುವವರಿಗೆ ತಿಳಿಸಬಹುದು. ಕನ್ನಡದ ಅನುವಾದದಲ್ಲಿ ತಪ್ಪಿದ್ದರೆ ತಿದ್ದುಪಡಿ ಕಳುಹಿಸಬಹುದು. ಇದರ ಬಾಗಿಲು ಎಲ್ಲರಿಗೂ ತೆರೆದಿದೆ.

ಸುಧಾರಣೆಗಳು ಬರುವವರೆಗೆ ಗೆರೆಯನ್ನು ನಾವೇ ಎಳೆದುಕೊಳ್ಳಬೇಕು. ಮೊದಲು, ಮುಖ್ಯವಾದ ಕಡತಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಯಂತ್ರದಿಂದ ಬೇರ್ಪಡಿಸಿ ಇಡಬೇಕು. ಎರಡನೆಯದಾಗಿ, ವಿಂಡೋಸಿನಲ್ಲಿ ಬಿಟ್‌ಲಾಕರ್ ಬೀಗವಿದ್ದರೆ ಅದರ ೪೮ ಅಂಕೆಗಳ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಮೂರನೆಯದಾಗಿ, ಡಿಸ್ಕಿನ ಪುಟ ಬಂದಾಗ ಕೈಯನ್ನು ಕೀಲಿಮಣೆಯಿಂದ ತೆಗೆದು, ಪ್ರತಿಯೊಂದು ಹೆಸರನ್ನೂ ಗಾತ್ರವನ್ನೂ ಓದಿ, ಇದು ಯಾವುದೆಂದು ತನಗೆ ತಾನೇ ಹೇಳಿಕೊಳ್ಳಬೇಕು. ಹೇಳಲಾಗದಿದ್ದರೆ ಅಲ್ಲಿಯೇ ನಿಲ್ಲಿಸಿ ಯಂತ್ರವನ್ನು ಆರಿಸಿಬಿಡಬೇಕು; ಅದುವರೆಗೆ ಏನೂ ಕೆಟ್ಟಿರುವುದಿಲ್ಲ.

ತರೀಕೆರೆಯ ಹುಡುಗನನ್ನು ಮನೆಯವರು ಬೈದಿರಬಹುದು. ಎಚ್ಚರಿಕೆಯ ಮೊದಲ ಹೆಜ್ಜೆಯನ್ನು ಅವನು ಮರೆತದ್ದು ನಿಜ. ಆದರೆ ಹಲಗೆಯನ್ನು ಬರೆದವರ ಪಾಲೂ ಅದರಲ್ಲಿ ಇದೆ. ಇದನ್ನು ಓದುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮುಂದೆ ತಂತ್ರಾಂಶಗಳನ್ನು ರಚಿಸುವವರಾಗುತ್ತೀರಿ. ನೀವು ಹಲಗೆ ಬರೆಯುವ ದಿನ, ಬೀರೂರಿನಲ್ಲಿ ಮೊದಲ ಸಲ ಗಾಡಿ ಬದಲಿಸುತ್ತಿರುವವನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಿರಿ.